ಒಜೆಲ್ಲಕ್ಕ ತಪ್ಪು ಮನೆಗೆ ಕೊಟ್ಟ ಗಂಟು

ನಮ್ಮ ಅಲಬಾಮಾದ ಕರಿಯ ಗೇಣಿದಾರರ ಸಂಘಕ್ಕೆ ಭಾಷಣ ಮಾಡುವವರು ಬೇಕಾದಷ್ಟಿದ್ದರು. ಕರಪತ್ರ ಮನೆಮನೆಗೆ ಮುಟ್ಟಿಸುತ್ತಿದ್ದವಳು ಮಾತ್ರ ಒಜೆಲ್ಲಕ್ಕ ಒಬ್ಬಳೇ. ಅವಳು ಬಿಳಿಯರ ಐದು ಮನೆಗೆ ಬಟ್ಟೆ ಒಗೆಯುತ್ತಿದ್ದಳು. ಇಸ್ತ್ರಿ ಮಾಡಿದ ಹಾಸುಬಟ್ಟೆಯ ಮಡಿಕೆಯಲ್ಲಿ ಹಾಳೆಗಳನ್ನಿಟ್ಟು, ಗಂಟನ್ನು ತಲೆಯ ಮೇಲೆ ಹೊತ್ತು, ಪೊಲೀಸು ಅಧಿಕಾರಿ ಶೆರೀಫನ ಎದುರಿಗೇ ನಡೆದು ಬರುತ್ತಿದ್ದಳು. ಬಿಳಿಯರ ಬಟ್ಟೆಯನ್ನು ಅವನು ಕೆದಕುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೈದರ ಹತ್ತಿ ಮುಷ್ಕರಕ್ಕೆ ಮುಂಚೆ ಒಂದು ದಿನ ನಮ್ಮ ಮನೆಗೆ ಬಂದು ಗಂಟು ಬಿಚ್ಚಿದಳು. ಬರೀ ದಿಂಬಿನ ಚೀಲ.

"ಕೆಟ್ಟೆ ಕಣೇ. ಗಂಟು ಅದಲುಬದಲಾಗಿದೆ. ನಲವತ್ತು ಹಾಳೇನೂ ಪ್ರೂಯಿಟ್ ಮನೇಲಿದಾವೆ."

ಪ್ರೂಯಿಟ್ ಅಂದರೆ ನಮ್ಮ ಜಮೀನುದಾರ. ಹಿಂದಿನ ತಿಂಗಳು ಇಂಥ ಹಾಳೆ ಇಟ್ಟುಕೊಂಡಿದ್ದವನ ಹೆಣವನ್ನು ಹೊಳೆಯಲ್ಲಿ ಹುಡುಕಿದ್ದೆವು. ಆದರೂ ಒಜೆಲ್ಲಕ್ಕ ತಿರುಗಿ ಹೋಗಿ ಆ ಮನೆಯ ಹಿತ್ತಿಲ ಬಾಗಿಲು ತಟ್ಟಿದಳಂತೆ.

"ಅಮ್ಮಾವ್ರೇ, ಆ ಗಂಟು ಕೊಡಿ. ಇನ್ನೊಂದ್ಸಲ ಕುದಿಸ್ಬೇಕು."

"ಚೆನ್ನಾಗೇ ಇದೆಯಲ್ಲ?" ಎಂದು ಯಜಮಾನಿ ಗಂಟಿಗೆ ಕೈ ಹಾಕಿದಳು.

"ನಮ್ಮನೇಲಿ ಎಲ್ಲರಿಗೂ ಕಜ್ಜಿ."

ಯಜಮಾನಿ ಕೈ ಹಿಂದಕ್ಕೆಳೆದುಕೊಂಡಳು. ಗಂಟು ಬಂತು, ಕೆಲಸ ಹೋಯಿತು. ಸಂಜೆಯೊಳಗೆ ಉಳಿದ ನಾಲ್ಕು ಮನೆಯವರೂ ಬೇಡವೆಂದರು.

ಹಾಳೆ ಎಣಿಸಿದೆವು. ಮೂವತ್ತೊಂಬತ್ತು. ಮತ್ತೆ ಎಣಿಸಿದರೂ ಅಷ್ಟೇ. ಮೂರು ದಿನ ಶೆರೀಫನಿಗಾಗಿ ಕಾದೆವು. ತನ್ನ ಹೆಣ ಸಿಕ್ಕರೆ ಮಾನವಾಗಿರಲಿ ಎಂದು ಒಜೆಲ್ಲಕ್ಕ ಚರ್ಚಿನ ಉಡುಪು ತೊಟ್ಟೇ ಓಡಾಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಬಂದವಳು ಪ್ರೂಯಿಟ್ ಮನೆಯ ಅಡುಗೆಯ ಡೋವಿ. ನಮ್ಮವಳೇ, ಆದರೆ ಸಂಘ ಅಂದರೆ ಮೂಗು ಮುರಿಯುತ್ತಿದ್ದಳು. ಕುಪ್ಪಸದೊಳಗಿಂದ ಆ ಹಾಳೆ ತೆಗೆದಳು.

"ಬೀರುನಲ್ಲಿ ಇಡೋಣ ಅಂತ ಬಿಚ್ಚಿದ್ರೆ ಹಾಳೆಗಳು ಸಿಕ್ವು. ಇದೊಂದನ್ನ ಇಟ್ಕೊಂಡೆ. ಬಾಯಿ ಮುಚ್ಕೊಂಡು ಮತ್ತೆ ಗಂಟು ಕಟ್ಟಿಟ್ಟೆ."

"ಮೂರು ದಿನ ಜೀವ ಕೈಲಿ ಹಿಡ್ಕೊಂಡು ಕೂತಿದ್ವಲ್ಲೇ, ಪುಣ್ಯಾತ್ಗಿತ್ತಿ!" ಅಂದೆ.

"ನಂಗೆ ಬಿಡುವು ಸಿಗೋದೇ ಇವತ್ತು. ಏನಿದೆ, ಓದಿ ಹೇಳಕ್ಕ."

"ನಂಗೆಲ್ಲೇ ಓದೋಕೆ ಬರುತ್ತೆ?" ಅಂದಳು ಒಜೆಲ್ಲಕ್ಕ.

ನಾಲ್ಕು ವರ್ಷ ಹೊತ್ತಿದ್ದಳು, ಒಮ್ಮೆಯೂ ಓದಿಸಿ ಕೇಳಿರಲಿಲ್ಲ. ಸಂಘದ ಬೇಡಿಕೆಗಳನ್ನು ನಾನು ಓದಿದೆ. ನೂರು ಪೌಂಡ್ ಹತ್ತಿ ಬಿಡಿಸಿದರೆ ಒಂದು ಡಾಲರ್ ಕೂಲಿ. ಗೇಣಿದಾರನಿಗೆ ತರಕಾರಿ ಬೆಳೆಯಲು ಸ್ವಂತ ಜಾಗ.

"ಅಡುಗೆಯೋರಿಗೆ?" ಎಂದಳು ಡೋವಿ.

"ಏನೂ ಇಲ್ಲ."

"ಬಟ್ಟೆ ಒಗೆಯೋರಿಗೆ?" ಒಜೆಲ್ಲಕ್ಕ ಕೇಳಿದಳು.

ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

"ಅದೂ ಇಲ್ಲ ಕಣಕ್ಕ."

ಒಜೆಲ್ಲಕ್ಕ ಆ ಖಾಲಿ ಬದಿಯನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದಳು.

"ನೀನು ಪೆನ್ಸಿಲ್ ತಗೊ," ಅಂದಳು ನನಗೆ. "ಡೋವಿ, ಮೊದಲು ನಿಂದು ಹೇಳು."