ಹನ್ನೆರಡನೇ ಸಾಲಿನ ಸೊಪ್ಪು

ಪೆರೇಸಂದ್ರದಲ್ಲಿ ಮೊದಲ ದಿನದ ಕೆಲಸ ಮುಗಿಸಿ ಬಾಡಿಗೆ ಕೋಣೆಗೆ ಹಿಂತಿರುಗಿದಾಗ ಮನೆಯೊಡತಿ ನಾರಾಯಣಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅಲ್ಲೇ ನಿಂತ್ಕೊಳಪ್ಪ. ಮೈಯೆಲ್ಲಾ ಲಾರಿ ವಾಸ್ನೆ. ನೀರು ಹಾಕ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು ಒಳಕ್ಕೆ ಬಾ."

ನಮ್ಮ ಅಘನಾಶಿನಿ ದಡದಲ್ಲಿ ಹೀಗೆ ಹೊರಗೆ ನಿಲ್ಲಿಸುವುದು ಸ್ಮಶಾನಕ್ಕೆ ಹೋಗಿ ಬಂದವರನ್ನು. ಅವಮಾನ ನುಂಗಿಕೊಂಡು ಡೈರಿಯಲ್ಲಿ ಬರೆದೆ: ಫೆಬ್ರವರಿ ೬, ೧೯೮೯, ಸೋಮವಾರ. ಎತ್ತಿನ ಗಾಡಿ ೪೧, ಬಸ್ಸು ೫೮, ಲಾರಿ ೩೧೨. ಮನೆಯೊಳಗೆ ಪ್ರವೇಶ: ಸ್ನಾನದ ನಂತರ.

ನನ್ನ ಕೆಲಸವೇ ಎಣಿಸುವುದು. ಹೆದ್ದಾರಿಯನ್ನು ಅಗಲ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ಓಡಾಡುವ ವಾಹನಗಳ ಲೆಕ್ಕ ಬೇಕಿತ್ತು. ಅದಕ್ಕೆ ಮೂರು ತಿಂಗಳ ದಿನಗೂಲಿಯ ಮೇಲೆ ಬಂದಿದ್ದೆ. ಹೊಂಗೆ ಮರದಡಿ ಟಾರ್ಪಾಲು ಕಟ್ಟಿಕೊಂಡು ಕೂರುವುದು, ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವುದು. ಗೆರೆ ಹೆಚ್ಚಾದಷ್ಟೂ ದೇಶ ಮುಂದೆ ಹೋಗುತ್ತಿದೆ ಎಂದುಕೊಳ್ಳಿ ಎಂದು ಮೇಲ್ವಿಚಾರಕರು ಹೇಳಿದ್ದರು. ಹೊಳೆ ದಾಟಲು ತಾರಿ ದೋಣಿಗೆ ಕೈಬೀಸಿ ಕಾಯುವ ಊರಿನಿಂದ ಬಂದ ನನಗೆ ಆ ಮಾತು ಹಿಡಿಸಿತ್ತು.

ಸ್ನಾನದ ಕಾರಣ ಮರುದಿನ ತಿಳಿಯಿತು. ನನ್ನ ಕೋಣೆಯ ಗೋಡೆಯಾಚೆ ಹುಳು ಮನೆ, ಎಂದರೆ ರೇಷ್ಮೆ ಹುಳು ಸಾಕುವ ಕೋಣೆ. ಆ ಹುಳುಗಳಿಗೆ ಬೀಡಿ ಹೊಗೆ ಆಗದು, ಊದುಬತ್ತಿ ಆಗದು, ಖಾರದ ಒಗ್ಗರಣೆಯೂ ಆಗದು. ಊರಿನಿಂದ ತಂದಿದ್ದ ಒಣಮೀನಿನ ಪೊಟ್ಟಣಕ್ಕಂತೂ ಹೊಸ್ತಿಲಲ್ಲೇ ತಡೆಯಾಯಿತು. ಹೊಂಗೆ ಮರಕ್ಕೆ ಕಟ್ಟಿದೆ, ಕಾಗೆಗಳು ತಿಂದವು. ಅಂದು ಊರು ಬಹಳ ನೆನಪಾಯಿತು.

ಉಳಿದದ್ದನ್ನು ಕಲಿತೆ. ಮುದ್ದೆಯನ್ನು ಅಗಿಯದೆ ಬಸ್ಸಾರಿನಲ್ಲಿ ಅದ್ದಿ ನುಂಗುವುದಕ್ಕೆ ಒಂಬತ್ತು ದಿನ ಹಿಡಿಯಿತು. ಅರ್ಧ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಮಾತಿಗೆ ಒಂದು ತಿಂಗಳು.

ನಾರಾಯಣಮ್ಮನ ಹಿಪ್ಪುನೇರಳೆ ತೋಟ ಎರಡು ಕಡೆ ಇತ್ತು: ಒಂದು ಹೆದ್ದಾರಿಗೆ ತಾಗಿಕೊಂಡು, ಇನ್ನೊಂದು ಅರ್ಧ ಗಂಟೆಯ ದಾರಿಯಲ್ಲಿ. ರಸ್ತೆ ಪಕ್ಕದ ಸೊಪ್ಪು ಕಣ್ಣೆದುರೇ ಸೊಂಪಾಗಿದ್ದರೂ ಅವರು ದಿನವೂ ದೂರದ ತೋಟದಿಂದ ಹೊರೆ ಹೊತ್ತು ತರುತ್ತಿದ್ದರು. ಏಕೆಂದು ಕೇಳಿದರೆ ಒಂದು ಎಲೆ ಕಿತ್ತು ನನ್ನ ಬಿಳಿ ಅಂಗಿಯ ತೋಳಿಗೆ ಒರೆಸಿದರು. ಕಪ್ಪು ಪಟ್ಟೆ ಮೂಡಿತು. ಅವರು ಮದುವೆಯಾಗಿ ಬಂದ ವರ್ಷ ಹುಳು ತಿನ್ನದೆ ಬಿಡುತ್ತಿದ್ದುದು ರಸ್ತೆಯಂಚಿನ ಎರಡೇ ಸಾಲು. ಆಮೇಲೆ ನಾಲ್ಕಾಯಿತು, ಈಗ ಎಷ್ಟೋ ಗೊತ್ತಿಲ್ಲ ಎಂದರು. ನನ್ನ ಪುಸ್ತಕದಲ್ಲಿ ಲಾರಿಗೆ ಕಲಂ ಇತ್ತು, ಅದು ಬಿಟ್ಟುಹೋಗುವ ಹೊಗೆಗೆ ಇರಲಿಲ್ಲ. ಆ ಲೆಕ್ಕವನ್ನು ಈಕೆ ವರ್ಷಗಳಿಂದ ಇಟ್ಟಿದ್ದರು.

ಏಪ್ರಿಲ್‌ನಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವ ಮುನ್ನ ಮೇವು ತೊರೆದು ಮಲಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಗೂಡು ಕಟ್ಟುವವರೆಗೆ ಒಂದು ವಾರ ಅವಕ್ಕೆ ಎಷ್ಟು ಸೊಪ್ಪು ಕೊಟ್ಟರೂ ಸಾಲದು. ಐದನೇ ದಿನಕ್ಕೆ ದೂರದ ತೋಟ ಬರಿದಾಯಿತು. ಇನ್ನೆರಡು ದಿನದ ಮೇವು ಸಿಗದಿದ್ದರೆ ಇಡೀ ಬೆಳೆ ಹೋಗುತ್ತಿತ್ತು. ಉಳಿದಿದ್ದುದು ರಸ್ತೆ ಪಕ್ಕದ ಸೊಪ್ಪು ಮಾತ್ರ. ತೊಳೆದು ಹಾಕಬಹುದಲ್ಲ ಎಂದೆ. ಒದ್ದೆ ಸೊಪ್ಪು ತಿಂದರೂ ಹುಳು ಸಾಯುತ್ತದೆ ಎಂದು ಗದರಿದರು.

ಆಮೇಲೆ ಎದ್ದು ನಾಲ್ಕು ಮೊರ ತಂದರು. ಒಂದೊಂದಕ್ಕೂ ಇಪ್ಪತ್ತು ಹುಳು ಎಣಿಸಿ ಹಾಕಿದರು. ರಸ್ತೆಯಿಂದ ಆರು, ಎಂಟು, ಹತ್ತು, ಹನ್ನೆರಡನೇ ಸಾಲುಗಳ ಸೊಪ್ಪನ್ನು ಒಂದೊಂದು ಮೊರಕ್ಕೆ ಬೇರೆ ಬೇರೆ ಇಟ್ಟರು.

"ಬರ್ಕೊಳಪ್ಪ ಎಣಿಕೆ ಸಾಹೇಬ. ಲಾರಿ ಆಯ್ತು, ಈಗ ಹುಳ."

ಬರೆದುಕೊಂಡೆ. ಆರನೇ ಸಾಲು: ತಿಂದವು ೩. ಎಂಟು: ೭. ಹತ್ತು: ೧೩, ಉಳಿದವು ತಲೆ ಎತ್ತಿ ಆಚೆ ತಿರುಗಿದವು. ಹನ್ನೆರಡು: ೨೦. ನಾನು ಕಾಲೇಜಿನಲ್ಲಿ ಕಂಡ ಯಾವ ಪ್ರಯೋಗವೂ ಇಷ್ಟು ಚೊಕ್ಕವಾಗಿರಲಿಲ್ಲ. ಹನ್ನೆರಡನೇ ಸಾಲು ಮತ್ತು ಅದರಾಚೆಯ ಸೊಪ್ಪನ್ನಷ್ಟೇ ಕೊಯ್ದೆವು. ಎರಡು ದಿನ ಹೇಗೋ ಸಾಕಾಯಿತು. ಹುಳುಗಳು ಗೂಡು ಕಟ್ಟಿದವು.

ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವಾಗ ನಾನೂ ಹೋದೆ. ಬಸ್ಸಿನ ಮೇಲೆ ಚೀಲ, ಹಿಂದೆ ಕಪ್ಪು ಹೊಗೆ. ಈ ರಸ್ತೆ ಅಗಲವಾಗುವುದು ನಿಮಗೆ ಇಷ್ಟವಿರಲಾರದು ಎಂದೆ.

"ಯಾರಂದಿದ್ದು? ನಮ್ಮಾವನ ಕಾಲದಾಗೆ ಗಾಡಿ ಕಟ್ಕೊಂಡು ಹೋಗೋ ಅಷ್ಟರಾಗೆ ಗೂಡು ಬೆವೆತು ಹಾಳಾಗ್ತಿತ್ತು. ರಸ್ತೆ ಬೇಕಪ್ಪ. ಒಂದು ಲಾರೀನೂ ಬಿಡದೆ ಬರಿ. ಹುಳ ತಿನ್ನದೇ ಇದ್ದಿದ್ನೂ ಬರಿ."

ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಬರೊಬ್ಬರು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, "ಅಚ್ಛಾ ಮಾಲ್ ಅಮ್ಮಾ" ಎಂದಾಗ ನಾರಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ವರದಿಯ ಕೊನೆಯಲ್ಲಿ ನಾಲ್ಕು ಮೊರಗಳ ಲೆಕ್ಕವನ್ನೂ ಬರೆದೆ. ಇದು ಯಾವ ಕಲಂಗೆ ಬರುತ್ತದೆ ಎಂದು ಮೇಲ್ವಿಚಾರಕರು ಕೇಳಿದರು. ಆದರೂ ಹೊಡೆದುಹಾಕಲಿಲ್ಲ, ಅಷ್ಟೇ.

ಮೇ ತಿಂಗಳಲ್ಲಿ ಊರಿಗೆ ಹೊರಟೆ. ಆರು ದಿನದ ರಜೆ, ಆಮೇಲೆ ಚಿಂತಾಮಣಿ ರಸ್ತೆಯ ಎಣಿಕೆ. ಅಮ್ಮನ ಕೈಯಡುಗೆ ನೆನೆಯುತ್ತ ಕಿಟಕಿ ಪಕ್ಕ ಕೂತಿದ್ದೆ. ಬಸ್ಸು ತೋಟವನ್ನು ಹಾಯುವಾಗ ನಾರಾಯಣಮ್ಮ ಹೊಸ ಚಿಗುರಿನ ನಡುವೆ ನಿಂತಿದ್ದರು. ಬೇಗ ಬಾ ಎಂಬಂತೆ ಕೈ ಬೀಸಿದರು. ಚಾಲಕ ವೇಗ ಹೆಚ್ಚಿಸಿದ, ಹೊಗೆ ಇನ್ನೂ ಕಪ್ಪಾಯಿತು. ಹಿಂತಿರುಗಿ ನೋಡಿದರೆ ನಮ್ಮ ಬಸ್ಸಿನ ಹೊಗೆ ಅವರ ಸಾಲುಗಳ ಮೇಲೆ ಇಳಿಯುತ್ತಿತ್ತು. ನನಗೆ ಬೇಗ ಊರು ಮುಟ್ಟಬೇಕಿತ್ತು. ಬಸ್ಸು ನಿಧಾನವಾಗಿ ಹೋಗಲಿ ಎಂದೂ ಅನ್ನಿಸುತ್ತಿತ್ತು.