ಗೇಟಿಗೆ ಬೆನ್ನು ಕೊಟ್ಟವರು

ತಾನಾಗಿ ತೆರೆದು ಮುಚ್ಚಿಕೊಳ್ಳುವ ಗೇಟುಗಳನ್ನು ಕೂರಿಸುವುದು ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಊರವರ ಬಾಯಲ್ಲಿ ಅವನು ಬೆನ್ನಣ್ಣ. ಆ ಹೆಸರು ಬಂದದ್ದು ಅವನದೇ ಒಂದು ಹಟದಿಂದ. ಮೋಟಾರು ಕೂರಿಸಿ, ವೈರು ಎಳೆದು, ಎಲ್ಲ ಮುಗಿದ ಮೇಲೆ ಮುಚ್ಚುವ ಗೇಟಿಗೆ ಬೆನ್ನು ಮಾಡಿ ದಾರಿಗಡ್ಡ ನಿಂತುಬಿಡುತ್ತಿದ್ದ. "ಹೂಂ, ಒತ್ತಿ" ಅನ್ನುತ್ತಿದ್ದ. ರಿಮೋಟು ಹಿಡಿದ ಮನೆಯವರು ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು. ಗೇಟು ಬಂದು, ಬೆನ್ನನ್ನು ಮುಟ್ಟಿ, ಹಿಂದೆ ಸರಿದರೆ ಮಾತ್ರ ಅವನ ಲೆಕ್ಕದಲ್ಲಿ ಕೆಲಸ ಮುಗಿದ ಹಾಗೆ.

"ಎಲ್ಲರ ಅಂಗೀನೂ ಕಾಲರ್ ಹತ್ರ ಕೊಳೆ ಆಗತ್ತೆ, ನಿಮ್ದು ಮಾತ್ರ ಬೆನ್ನಲ್ಲಿ" ಎಂದು ಹೆಂಡತಿ ಬಟ್ಟೆ ಒಗೆಯುವಾಗಲೆಲ್ಲ ಗೊಣಗುತ್ತಿದ್ದಳು. ಅವನು ನಗುತ್ತಿದ್ದ. ಅವನಿಗೆ ತನ್ನ ಕೆಲಸವೆಂದರೆ ಇಷ್ಟ, ಹೆಂಡತಿಯ ಗೊಣಗಾಟವೂ ಇಷ್ಟ. ಇಂಥ ಮನುಷ್ಯನನ್ನು ಏನು ಮಾಡಲಾಗುತ್ತದೆ ಹೇಳಿ!

ಪ್ರತಿ ಗೇಟಿಗೂ ಅವನು ಎರಡು ಕಾವಲು ಇಡುತ್ತಿದ್ದ. ಒಂದು, ಎರಡೂ ಕಂಬಗಳಲ್ಲಿ ಎದುರುಬದುರು ಕೂತ ಪುಟ್ಟ ಕಣ್ಣುಗಳು. ಅವೆರಡರ ನಡುವೆ ಯಾರಾದರೂ ಬಂದರೆ ಗೇಟು ಅವರನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಇನ್ನೊಂದು, ಗೇಟಿನ ಅಂಚಿಗೆ ಹಾಕಿದ ರಬ್ಬರ್ ಪಟ್ಟಿ. ಕಣ್ಣು ಕೆಟ್ಟರೂ, ಪಟ್ಟಿ ಏನನ್ನಾದರೂ ತಾಗಿದ ಕೂಡಲೇ ಗೇಟು ಹಿಂದಕ್ಕೆ ಹೋಗುತ್ತದೆ. ಬೆನ್ನು ಕೊಟ್ಟು ನಿಲ್ಲುವುದು ಈ ಪಟ್ಟಿಯ ಪರೀಕ್ಷೆಗೆ. ಆಗ ಕಣ್ಣುಗಳ ಕೆಲಸವನ್ನು ಬೇಕೆಂದೇ ನಿಲ್ಲಿಸಿರುತ್ತಿದ್ದ.

ಅವನ ಅಕ್ಕನ ಮನೆಗೂ ಅವನೇ ಗೇಟು ಹಾಕಿದ. ಅಮ್ಮ ಇರುವುದು ಅಲ್ಲೇ, ಮಗಳ ಜೊತೆ. ಭಾವನದು ಅಂಗಡಿಗಳಿಗೆ ಬ್ರೆಡ್ಡು ಹಾಕುವ ವ್ಯಾನು. ಗೇಟು ಕೂರಿಸಿದ ದಿನ ಊಟ ಆರುತ್ತಿದೆ ಎಂದು ಅಕ್ಕ ಒಳಗಿಂದ ಕೂಗುತ್ತಿದ್ದಳು. ಬೆನ್ನಣ್ಣ ಇನ್ನೇನು ಅಡ್ಡ ನಿಲ್ಲಬೇಕು, ಭಾವ ಅವನ ಹೆಗಲ ಮೇಲೆ ಕೈಹಾಕಿ ಎಳೆದೇಬಿಟ್ಟ.

"ಬಾರಯ್ಯ, ನಿನ್ನ ಸರ್ಕಸ್ ಬೇರೆಯವರ ಮನೇಲಿ ಇಟ್ಕೋ. ನಮ್ಮನೆ ಗೇಟು ಎಲ್ಲಿ ಓಡಿಹೋಗತ್ತೆ?"

ಅವನೂ ನಕ್ಕು ಊಟಕ್ಕೆ ಕೂತ. ಊಟವಾದ ಮೇಲೆ ಹರಟೆ, ಹರಟೆಯಾದ ಮೇಲೆ ಮರೆವು. ಊರಿನ ಗೇಟುಗಳಿಗೆಲ್ಲ ಬೆನ್ನು ಕೊಟ್ಟವನು ಅಮ್ಮ ಓಡಾಡುವ ಗೇಟಿಗೆ ಕೊಡಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನು ಆ ಕಡೆ ಹೋದ. ಭಾವನ ವ್ಯಾನು ಆಗಷ್ಟೇ ಹೊರಬಿದ್ದು ತಿರುವು ದಾಟುತ್ತಿತ್ತು. ತೆರೆದ ಗೇಟಿನ ದಾರಿಯಲ್ಲಿ, ಸರಿಯಾಗಿ ಗೇಟು ಜಾರುವ ಕಂಬಿಯ ಮೇಲೆ, ಕೋಲೂರಿ ನಿಂತಿದ್ದಳು ಅಮ್ಮ. ಎದುರು ಕಂಬಕ್ಕೆ ಒರಗಿ ನಿಂತ ಪಕ್ಕದ ಮನೆ ಟೈಲರಮ್ಮನ ಜೊತೆ ಮಾತು ಸೊಗಸಾಗಿ ಸಾಗಿತ್ತು. ಅವಳ ಬೆನ್ನ ಹಿಂದೆ ಗೇಟು ಮುಚ್ಚಿಕೊಳ್ಳತೊಡಗಿತು.

ನಿಲ್ಲುತ್ತದೆ ಅಂದುಕೊಂಡ. ನಿಲ್ಲಲಿಲ್ಲ. "ಅಮ್ಮಾ!" ಎಂದು ಕೂಗಿಕೊಂಡು ಓಡಿದ. ಅಷ್ಟರಲ್ಲಿ ಗೇಟು ಅವಳ ಬೆನ್ನಿಗೆ ತಾಗಿಯೇಬಿಟ್ಟಿತು. ತಾಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಹೋಯಿತು.

ಅಮ್ಮ ತಿರುಗಿಯೂ ನೋಡಲಿಲ್ಲ. "ಬಂದೆ ಇರಪ್ಪ, ಮಾತು ಮುಗೀಲಿ" ಅಂದಳು, ಗೇಟಿಗೆ!

ಬೆನ್ನಣ್ಣ ಅವಳ ರಟ್ಟೆ ಹಿಡಿದು ಈಚೆ ಎಳೆದ. "ಎಷ್ಟು ದಿನದಿಂದಮ್ಮ ಹೀಗೆ?"

"ದಿನಾ ಹೀಗೇ ಕಣೋ. ಒಳಗೆ ಹೋಗೋ ಹೊತ್ತಾಯ್ತು ಅಂತ ತಟ್ಟತ್ತೆ. ನನ್ನ ಮಗ ಮಾಡಿದ ಗೇಟಲ್ವಾ, ಅದಕ್ಕೂ ನಾನಂದ್ರೆ ಸಲಿಗೆ."

ಟೈಲರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನಿಗೆ ನಗು ಬರಲಿಲ್ಲ. ಕಂಬದ ಬಳಿ ಹೋಗಿ ನೋಡಿದರೆ, ಎರಡೂ ಕಣ್ಣುಗಳು ತಮ್ಮ ಜಾಗದಲ್ಲೇ ಇಲ್ಲ. ಅವನ್ನು ಕಿತ್ತು, ಮುಖಕ್ಕೆ ಮುಖ ಕೊಟ್ಟು ಟೇಪು ಸುತ್ತಿ, ಒಂದೇ ಕಂಬದ ಹಿಂದೆ ತೂಗುಹಾಕಿದ್ದರು. ಒಂದನ್ನೊಂದು ನೋಡುತ್ತಾ ಕೂತ ಕಣ್ಣುಗಳಿಗೆ ದಾರಿಯಲ್ಲಿ ಅಮ್ಮ ನಿಂತರೆ ಹೇಗೆ ಗೊತ್ತಾಗಬೇಕು?

ಸುತ್ತು ಮುಗಿಸಿ ಬಂದ ಭಾವ, ಭಾಮೈದುನನ ಮುಖ ನೋಡಿಯೇ ನಾಲಿಗೆ ಕಚ್ಚಿಕೊಂಡ.

"ಆ ದಾಸವಾಳದ ಕೊಂಬೆ ಕಣಯ್ಯ. ಗಾಳಿಗೆ ಅಲ್ಲಾಡಿದ್ರೆ ಸಾಕು, ಗೇಟು ತೆಗೆದೇ ಇರ್ತಿತ್ತು. ನಾಯಿಗಳು ಬಂದು ಬ್ರೆಡ್ಡಿಗೆ ಬಾಯಿ ಹಾಕ್ತಿದ್ವು. ಯಾರೋ ಹೀಗ್ಮಾಡು ಅಂದ್ರು, ಮಾಡ್ದೆ. ನಾನು ಅತ್ತ ಹೋಗ್ತಿದ್ದ ಹಾಗೆ ಅತ್ತೆ ಇಲ್ಲಿ ಬಂದು ನಿಲ್ತಾರೆ ಅಂತ ನನಗೇನು ಗೊತ್ತು?" ಅವನ ಮುಖ ಬಾಡಿಹೋಗಿತ್ತು. ಅತ್ತೆ ಎಂದರೆ ಅವನಿಗೂ ಪ್ರಾಣ.

"ಕೊಂಬೆ ಕಡಿಯೋದು ಬಿಟ್ಟು ಕಣ್ಣು ಕಿತ್ತಿದೀರಲ್ಲ ಭಾವ!" ಅಂದ ಬೆನ್ನಣ್ಣ. ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೆ ಅಂದು ಬೆನ್ನು ಕೊಡದೆ ಊಟಕ್ಕೆ ಎದ್ದು ಹೋದವನು ಯಾರು?

ಕಣ್ಣುಗಳನ್ನು ಬಿಚ್ಚುವ ಮೊದಲು ಅವನು ಕಂಬಿಯ ಮೇಲೆ, ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ, ಬೆನ್ನು ತಿರುಗಿಸಿ ನಿಂತ. "ಒತ್ತಿ ಭಾವ" ಅಂದ. ಗೇಟು ಬಂತು, ಮೆತ್ತಗೆ ಮುಟ್ಟಿತು, ಹೋಯಿತು.

"ಹೇಳ್ಲಿಲ್ವಾ, ಮೆತ್ತಗೇ ತಟ್ಟತ್ತೆ ಅಂತ?" ಅಂದಳು ಮೆಟ್ಟಿಲ ಮೇಲೆ ಕೂತ ಅಮ್ಮ.

ಕೊಂಬೆ ಕಡಿದು, ಕಣ್ಣುಗಳನ್ನು ಮತ್ತೆ ಕಂಬಗಳಿಗೆ ಕೂರಿಸುವಾಗ ಬೆನ್ನಣ್ಣನ ಕಣ್ಣು ಮಂಜಾಗಿತ್ತು. ಆಮೇಲೆ ಇನ್ನು ಅಲ್ಲಿ ನಿಲ್ಲಬೇಡ ಎಂದು ಹೇಳಿ, ಅಮ್ಮನಿಗೊಂದು ಕುರ್ಚಿಯನ್ನು ಕಂಬಿಯಿಂದ ದೂರ, ಹೊರಗೋಡೆಯ ನೆರಳಿಗೆ ಹಾಕಿಕೊಟ್ಟ. ಮಾತಿಗೆ ಅದೇ ಒಳ್ಳೆಯ ಜಾಗ ಎಂದು ಟೈಲರಮ್ಮನೂ ಒಪ್ಪಿದಳು.

ಮರುದಿನ ಸಂಜೆ ಅಮ್ಮನ ಫೋನು ಬಂತು.

"ಏನೋ ಮಾಡಿದೆ ಆ ಗೇಟಿಗೆ? ಇವತ್ತು ಎಷ್ಟು ಹೊತ್ತು ಅಡ್ಡ ನಿಂತ್ರೂ ಹತ್ರಾನೇ ಬರ್ಲಿಲ್ಲ."

"ಹಾಗೇ ಇರ್ಬೇಕಮ್ಮ ಅದು. ಅಲ್ಲಿ ನಿಲ್ಬೇಡ ಅಂದಿದ್ನಲ್ಲ, ಯಾಕೆ ನಿಂತೆ?"

"ನೀನು ಎಲ್ಲಾ ಮನೇಲೂ ಹಾಗೇ ನಿಂತು ನೋಡ್ತೀಯಂತೆ. ಗೇಟು ಹಾಕಿದ ದಿನ ಇಲ್ಲಿ ನಿಲ್ಲೋಕೆ ನಿನಗೆಲ್ಲಿತ್ತು ಪುರುಸೊತ್ತು? ಅದಕ್ಕೇ ನಾನೇ ನಿಂತೆ."