ಸಹಿಯ ಕೆಳಗಿದ್ದ ಎರಡು ಸಾಲು

2005ನೇ ಇಸವಿ, ಜೂನ್ ತಿಂಗಳು. ಬ್ಯಾಂಕ್ ಅಧಿಕಾರಿಯಾಗಿದ್ದ ಅಪ್ಪನಿಗೆ ಧಾರವಾಡದಿಂದ ಕೊಚ್ಚಿಗೆ ವರ್ಗವಾಗಿ ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಎಂ.ಎಸ್ಸಿ. ಮುಗಿಸಿದ್ದ ನಾನು ಕೊಚ್ಚಿ ಪಕ್ಕದ ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯ ಲ್ಯಾಬಿನಲ್ಲಿ ಟ್ರೇನಿ. ದಿನವಿಡೀ ಸ್ಯಾಂಪಲ್ ಪರೀಕ್ಷೆ, ಸಂಜೆ ಮನೆಗೆ ಬಂದರೆ ಚೂಡಿದಾರಕ್ಕೆಲ್ಲ ಅಮೋನಿಯಾ ವಾಸನೆ. ನನಗೆ ಪಿಎಚ್.ಡಿ. ಮಾಡುವ ಹುಚ್ಚು. ಬೆಂಗಳೂರಿನ ಒಂದು ಸಂಸ್ಥೆಗೂ ತಿರುವನಂತಪುರದ ಒಂದು ಸಂಸ್ಥೆಗೂ ಅರ್ಜಿ ಹಾಕಿದ್ದೆ.

ತಿರುವನಂತಪುರದಿಂದ ಸೀಟು ಸಿಕ್ಕಿದೆಯೆಂದು ಪತ್ರ ಬಂತು. ಹತ್ತು ದಿನದೊಳಗೆ ಉತ್ತರ ಬರೆಯಬೇಕಿತ್ತು. ಬೆಂಗಳೂರಿನವರು ಮಾತ್ರ ನನ್ನನ್ನು ಕಾಯುವವರ ಪಟ್ಟಿಯಲ್ಲಿ ಇಟ್ಟು, ಜುಲೈ ಕೊನೆಗೆ ಹೇಳುತ್ತೇವೆ ಎಂದಿದ್ದರು. ನನ್ನ ಮನಸ್ಸೆಲ್ಲ ಬೆಂಗಳೂರಿನ ಮೇಲೇ ಇತ್ತು. ಹಾಗೆಂದು ಕೈಯಲ್ಲಿರುವುದನ್ನು ಬಿಡುವ ಧೈರ್ಯವೂ ಇರಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉತ್ತರ ಬರೆಯಲು ಮೂರು ಸಂಜೆ ಕೂತೆ. ಆಯ್ಕೆ ಮಾಡಿದ್ದಕ್ಕೆ ತುಂಬಾ ಕೃತಜ್ಞತೆಗಳು, ಇದು ನನ್ನ ಭಾಗ್ಯ, ಯೋಚಿಸಿ ತೀರ್ಮಾನಿಸಲು ಜುಲೈ ಕೊನೆಯವರೆಗೆ ಸಮಯ ಕೊಟ್ಟರೆ ಉಪಕಾರ, ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದೆ. ಬೆಂಗಳೂರಿನ ಸುದ್ದಿಯನ್ನೇ ಎತ್ತಲಿಲ್ಲ. ಅಪ್ಪ ಓದಿ ತಲೆಯಾಡಿಸಿದರು.

"ಕೈಲೆ ಬರದದ್ದು ಕಳಸಬ್ಯಾಡವಾ. ನಮ್ಮ ಬ್ರ್ಯಾಂಚಿನ್ಯಾಗ ಟೈಪ್ ಮಾಡಿಸಿ ರಜಿಸ್ಟರ್ ಪೋಸ್ಟ್ ಮಾಡ್ತೀನಿ" ಎಂದರು.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವರು ಫೈಲಿನ ಮೇಲೆ ಹಾಳೆಗಳನ್ನಿಟ್ಟು ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಮೂರು ನಾಲ್ಕು ಪ್ರತಿ ಇದ್ದವು. ಬ್ಯಾಂಕಿನವರ ಅಭ್ಯಾಸ, ಇರಲಿ ಎಂದುಕೊಂಡೆ. ಅಷ್ಟರಲ್ಲಿ ಬಸ್ಸೂ ಬಂತು.

ಒಂದು ವಾರದ ಮೇಲೆ ನಮ್ಮ ಲ್ಯಾಬಿನ ಮುಖ್ಯಸ್ಥರಾದ ಕುರುಪ್ ಸಾರ್ ಕರೆಸಿದರು. ಮೇಜಿನ ಮೇಲೊಂದು ಕಾಗದ ಇತ್ತು.

"ಇದೆಂದಾ ಮೋಳೇ?" ಎಂದರು. ಇದೇನು ಮಗಳೇ ಅಂತ.

ನೋಡಿದರೆ ನನ್ನದೇ ಪತ್ರ, ನನ್ನದೇ ಸಹಿ. ಸಹಿಯ ಕೆಳಗೆ 'ಪ್ರತಿ ರವಾನೆ' ಎಂದು ಎರಡು ಸಾಲು. ಒಂದನೆಯದು ಬೆಂಗಳೂರಿನ ಸಂಸ್ಥೆಗೆ, ಮಾಹಿತಿಗಾಗಿ. ಎರಡನೆಯದು ನಮ್ಮ ಕಾರ್ಖಾನೆಗೆ, ಮುಂದಿನ ಕ್ರಮಕ್ಕಾಗಿ. ಸಾಲದ್ದಕ್ಕೆ ಪತ್ರದ ನಡುವೆ ನಾನು ಬರೆಯದ ಒಂದು ವಾಕ್ಯ ಇತ್ತು: ಬೆಂಗಳೂರಿನ ಸಂಸ್ಥೆಯೇ ನನ್ನ ಮೊದಲ ಆಯ್ಕೆಯಾಗಿರುವುದರಿಂದ ಈ ಕಾಲಾವಕಾಶ ಕೋರಲಾಗಿದೆ. ಊಟಕ್ಕೆ ಕೂತಾಗ ಮನೆಯಲ್ಲಿ ನಾನು ಆಡಿದ ಮಾತು ಅದು!

ಹೇಗೂ ಬಿಟ್ಟುಹೋಗುವವಳಿಗೆ ಇನ್ನು ತರಬೇತಿ ಯಾಕೆ ಎಂದು ಮೇಲಿನವರು ಕೇಳುತ್ತಿದ್ದಾರೆ, ಮುಂದಿನ ತಿಂಗಳಿಂದ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು ಕುರುಪ್ ಸಾರ್. ಅವರಿಗೂ ಬೇಜಾರಾಗಿತ್ತು, ಪಾಪ.

ಸಂಜೆ ಮನೆಗೆ ಬಂದವಳೇ ಕೂಗಾಡಿದೆ. "ಅಪ್ಪಾ, ಇದೇನ ಮಾಡಿಟ್ರಿ?"

ಅಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಯಾಕವಾ? ಕೆಲಸದಾಗ ಇದ್ದೋರು ಬ್ಯಾರೆ ಕಡೆ ಬರಿಯೂದಾದ್ರ ಆಫೀಸಿಗೆ ತಿಳಸಬೇಕು. ಸಂಬಂಧಪಟ್ಟೋರಿಗೆ ಕಾಪಿ ಹಾಕಬೇಕು. ಮೂವತ್ತು ವರ್ಷ ನಾ ಹಂಗ ಬರದೀನಿ. ಇದ್ದದ್ದು ಇದ್ದಂಗ ಹೇಳಿದ್ರ ಏನಾಕ್ಕೈತಿ?"

ಏನಾಗುತ್ತದೆ? ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದೇ ವಾರ ಬೆಂಗಳೂರಿನಿಂದ ಎರಡೇ ಸಾಲಿನ ಪತ್ರ ಬಂತು. ತಮಗೆ ಬೇರೆ ಕಡೆ ಸೀಟು ದೊರೆತಿರುವುದು ತಿಳಿಯಿತು, ಆದ್ದರಿಂದ ತಮ್ಮ ಹೆಸರನ್ನು ಕಾಯುವವರ ಪಟ್ಟಿಯಿಂದ ತೆಗೆಯಲಾಗಿದೆ, ಶುಭಾಶಯಗಳು. ಆ ಶುಭಾಶಯ ಓದಿ ಅಲ್ಲೇ ಕೂತುಬಿಟ್ಟೆ. ಅಳುವುದಕ್ಕೂ ಆಗಲಿಲ್ಲ. ಅಮ್ಮ ನೀರು ತಂದುಕೊಟ್ಟಳು. ಅಪ್ಪ ಪತ್ರವನ್ನು ಮತ್ತೆ ಮತ್ತೆ ಓದುತ್ತ ಅಲ್ಲೇ ನಿಂತಿದ್ದರು.

ಮರುದಿನ ತಿರುವನಂತಪುರದಿಂದ ಫೋನು. ಅಲ್ಲಿನ ಪ್ರೊಫೆಸರ್ ಮೇಡಂ ನನ್ನನ್ನು ನೋಡಬೇಕಂತೆ, ಸೋಮವಾರ ಬರಬೇಕಂತೆ. ಅಲ್ಲಿಗೆ ಇದೂ ಹೋಯಿತು, ಎದುರಿಗೇ ಕೂರಿಸಿ ಬೈಯುತ್ತಾರೆ ಎಂದು ಖಾತ್ರಿಯಾಯಿತು. ಎರಡನೇ ಆಯ್ಕೆ ಎಂದು ಮುಖಕ್ಕೆ ಹೊಡೆದಂತೆ ಬರೆಸಿಕೊಂಡವರು ಇನ್ನೇನು ಮಾಡುತ್ತಾರೆ? ಬೇಡವೆಂದರೂ ಕೇಳದೆ ಅಪ್ಪ ರಜೆ ಹಾಕಿ ಜೊತೆಗೆ ಬಂದರು. ರೈಲಿನಲ್ಲಿ ನಾನು ಅವರಿಂದ ದೂರದ ಸೀಟು ಹಿಡಿದು ಕೂತೆ.

ಸಂಸ್ಥೆ ತಿರುವನಂತಪುರದ ಉಳ್ಳೂರಿನ ಹತ್ತಿರ. ಅಪ್ಪ ಫೈಲು ಹಿಡಿದು ಹೊರಗೆ ಬೆಂಚಿನ ಮೇಲೆ ಕೂತರು, ನಾನೊಬ್ಬಳೇ ಒಳಗೆ ಹೋದೆ. ಮೇಡಂ ನನ್ನ ಪತ್ರವನ್ನು ಮುಂದಿಟ್ಟುಕೊಂಡಿದ್ದರು.

"ಸಮಯ ಬೇಕು ಅಂತ ಪ್ರತಿ ವರ್ಷ ಯಾರಾದರೂ ಬರೀತಾರೆ" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಒಬ್ಬರಿಗೆ ಅಜ್ಜಿಗೆ ಹುಷಾರಿಲ್ಲ, ಇನ್ನೊಬ್ಬರಿಗೆ ಅಕ್ಕನ ಮದುವೆ. ನೀವು ನನ್ನ ಎರಡನೇ ಆಯ್ಕೆ ಅಂತ ಬರೆದವಳು ನೀನೊಬ್ಬಳೇ."

"ಆ ವಾಕ್ಯ ನಮ್ಮಪ್ಪ ಸೇರಿಸಿದ್ದು ಮೇಡಂ. ಆದರೆ ಸುಳ್ಳಲ್ಲ. ಈಗ ಬೆಂಗಳೂರಿನವರೂ ಬೇಡ ಅಂದಿದ್ದಾರೆ" ಎಂದೆ. ಅದನ್ನು ಹೇಳಬೇಕಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಎರಡನೆಯದಾದರೆ ನನಗೇನೂ ನಷ್ಟವಿಲ್ಲ. ಕೆಲಸ ಮಾಡ್ತೀಯಾ?"

"ಮಾಡ್ತೀನಿ ಮೇಡಂ."

"ಹಾಗಾದರೆ ಸೀಟು ನಿನ್ನದೇ. ಕೆಳಗೆ ಆಫೀಸಿಗೆ ಹೋಗಿ ಸರ್ಟಿಫಿಕೇಟ್ ತೋರಿಸು" ಎಂದು ಬೇರೇನೋ ಕಾಗದ ಕೈಗೆತ್ತಿಕೊಂಡರು.

ಹೊರಗೆ ಬಂದು ಹೇಳಿದಾಗ ಅಪ್ಪ ಫೈಲನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು. ನನಗೆ ಸಂತೋಷವಾಯಿತೋ ದುಃಖವಾಯಿತೋ ತಿಳಿಯಲಿಲ್ಲ.

ವಾಪಸ್ಸು ಬರುವಾಗ ರೈಲು ಕೊಲ್ಲಂ ದಾಟುವವರೆಗೂ ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು: "ನಾ ತಪ್ಪ ಮಾಡಿದ್ನೇನವಾ?"

ಬ್ರ್ಯಾಂಚಿನಲ್ಲಿ ಕಂಡರೆ ಎಲ್ಲರೂ ಎದ್ದುನಿಲ್ಲುವಂಥ ಮನುಷ್ಯ ಅವರು. ಅಂಥ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇಲ್ಲಪ್ಪಾ. ಛಲೋನ ಆತು ಬಿಡ್ರಿ" ಎಂದೆ.

ಅವರ ಮುಖ ಅರಳಿತು. ಕೂಡಲೇ ಎದ್ದು ಹೋಗಿ ಇಬ್ಬರಿಗೂ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಂದರು.

ಮೇಡಂ ಕೈಕೆಳಗೇ ನನ್ನ ಪಿಎಚ್.ಡಿ. ಮುಗಿಯಿತು, ಒಳ್ಳೆಯ ಕೆಲಸವೂ ಸಿಕ್ಕಿತು. ದೂರುವುದಕ್ಕೆ ಏನೂ ಇಲ್ಲ. ಆದರೂ ಬೆಂಗಳೂರಿನ ಆ ಸಂಸ್ಥೆಯ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಅವತ್ತು ರೈಲಿನಲ್ಲಿ ಅಪ್ಪನಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.